ಕನ್ನಡದಲ್ಲಿ ಓದಿದ ಕಲ್ಕತ್ತೆ

ಅಂತೂ ಕಲ್ಕತ್ತೆ ನೋಡಿಬಂದೆ. ಈಗ ಕೋಲ್ಕತ್ತಾ ಅನ್ನಬೇಕು, ಗೊತ್ತು. ಆದರೆ ತಾಲ್ಲೂಕು ಲೈಬ್ರರಿಯಿಂದ ಅಜ್ಜಿ ತರಿಸಿಕೊಳ್ಳುತ್ತಿದ್ದ ಕಾದಂಬರಿಗಳಲ್ಲಿ ಅದು ಕಲ್ಕತ್ತೆಯೇ ಆಗಿತ್ತು, ನನ್ನ ಬಾಯಲ್ಲೂ ಹಾಗೇ ಉಳಿದಿದೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪಡಸಾಲೆ ಕಂಬಕ್ಕೆ ಒರಗಿ ಅಜ್ಜಿ ಬಂಗಾಳಿ ಕಾದಂಬರಿಕಾರ ಶರಚ್ಚಂದ್ರರನ್ನು ಕನ್ನಡ ಅನುವಾದದಲ್ಲಿ ಓದುತ್ತಿದ್ದಳು. ನಡುವೆ ಹಾಳೆ ಕಿತ್ತುಹೋಗಿದ್ದರೆ ಅಷ್ಟು ಕತೆಯನ್ನು ತಾನೇ ಕಟ್ಟಿ ನಮಗೆ ಹೇಳುತ್ತಿದ್ದಳು. ಆ ಊರು ನೋಡಬೇಕು ಅನ್ನೋ ಆಸೆ ನನಗೆ ಹತ್ತಿದ್ದು ಅಲ್ಲೇ.

ಹೋದ ಮೊದಲ ದಿನ ಭಾನುವಾರ. ಪುಸ್ತಕದಂಗಡಿಗಳ ಬೀದಿ ಕಾಲೇಜ್ ಸ್ಟ್ರೀಟ್‌ಗೆ ಓಡಿದೆ, ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ನೀವು ಹೋಗುವುದಾದರೆ ಭಾನುವಾರ ಬೇಡ. ಅಲ್ಲಿಂದ ಜೋಡಾಸಾಂಕೋಗೆ ಹೋದೆ, ಟಾಗೋರರ ಮನೆ. 1861ರಲ್ಲಿ ಹುಟ್ಟಿದ್ದೂ 1941ರಲ್ಲಿ ತೀರಿಕೊಂಡಿದ್ದೂ ಅದೇ ಮನೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕೊನೆಯುಸಿರೆಳೆದ ಕೋಣೆಯ ಮುಂದೆ ತಣ್ಣಗಿನ ನೆಲದ ಮೇಲೆ ಬರಿಗಾಲಲ್ಲಿ ಸುಮ್ನೆ ನಿಂತಿದ್ದೆ, ತುಂಬಾ ಹೊತ್ತು.

ಸೋಮವಾರ ಮತ್ತೆ ಕಾಲೇಜ್ ಸ್ಟ್ರೀಟ್. ಅಲ್ಲಿಯವರು ಅದನ್ನು ಬೊಯ್‌ಪಾಡಾ ಅಂತಾರೆ, ಅಂದರೆ ಪುಸ್ತಕದ ಕೇರಿ. ನಿಜವಾಗಲೂ ಕೇರಿಯೇ. ಪ್ರೆಸಿಡೆನ್ಸಿ ಯೂನಿವರ್ಸಿಟಿಯ (ಹಿಂದಿನ ಪ್ರೆಸಿಡೆನ್ಸಿ ಕಾಲೇಜು) ಕಾಂಪೌಂಡಿಗೆ ಅಂಟಿಕೊಂಡು ಉದ್ದಕ್ಕೂ ಮರ, ತಗಡು, ಟಾರ್ಪಾಲಿನ ಸಣ್ಣ ಸಣ್ಣ ಗೂಡಂಗಡಿಗಳು, ಪಕ್ಕದಲ್ಲೇ 1886ರಿಂದ ನಡೆಯುತ್ತಿರುವ ದಾಸ್‌ಗುಪ್ತಾದಂಥ ದೊಡ್ಡ ಅಂಗಡಿಯೂ ಇದೆ. ಗೂಡಿನೊಳಗೆ ಪುಸ್ತಕ ಎಷ್ಟು ಒಟ್ಟಿರುತ್ತಾರೆ ಅಂದರೆ ಮಾರುವವರು ಕೂರೋಕೆ ಒಂದು ಮಣೆಯಷ್ಟೇ ಜಾಗ.

ಒಂದು ಅಂಗಡಿಯಲ್ಲಿ, 'ದಾದಾ, ಶರಚ್ಚಂದ್ರ ಇದ್ದಾರಾ?' ಅಂತ ನನಗೆ ಬಂದ ಹಿಂದಿಯಲ್ಲಿ ಕೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಆಮೇಲೆ ಮುಖ ಅರಳಿತು. 'ಓ, ಶೊರೊತ್‌ಚೊಂದ್ರೊ! ಹೇಳಿ ದಿದಿ, ಯಾವುದು ಬೇಕು?' ದಪ್ಪ ರಟ್ಟಿನ ಸಂಪುಟ ಎಳೆದು, ಧೂಳು ಕೊಡವಿ, ಕೈಗಿಟ್ಟರು. ತೆರೆದೆ. ಒಂದಕ್ಷರ ಓದಲಾಗಲಿಲ್ಲ. ರಟ್ಟಿನ ಮೇಲಿನ ಹೆಸರು ಕೂಡ. ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಕೇಳಿದ ಕತೆ ಅದರೊಳಗೆಲ್ಲೋ ಇದೆ, ನನಗೆ ಮಾತ್ರ ಕಾಣುತ್ತಿಲ್ಲ. ಗಂಟಲು ಕಟ್ಟಿತು.

ಕಾಫಿ ಹೌಸ್‌ಗೆ ಮೆಟ್ಟಿಲು ಹತ್ತಿ ಹೋದೆ. ಎತ್ತರದ ಚಾವಣಿ, ತುರಾಯಿ ಪೇಟದ ಮಾಣಿಗಳು, ಗೋಡೆಯಲ್ಲಿ ಟಾಗೋರ್. ಅದು ಇರುವ ರಸ್ತೆಯ ಹೆಸರು ಬಂಕಿಮ್ ಚಟರ್ಜಿ ಸ್ಟ್ರೀಟ್, ಬಂಗಾಳಿ ಕಾದಂಬರಿಕಾರ ಬಂಕಿಮರ ಹೆಸರು! ನನಗೆ ತಕ್ಷಣ ನೆನಪಾದವರು ನಮ್ಮ ಬಿ. ವೆಂಕಟಾಚಾರ್ಯರು. ನೂರು ವರ್ಷಕ್ಕೂ ಹಿಂದೆ ಮೈಸೂರು ಸೀಮೆಯಲ್ಲಿದ್ದುಕೊಂಡು ಬಂಗಾಳಿ ಕಲಿತು, ಬಂಕಿಮರನ್ನು ಕನ್ನಡಕ್ಕೆ ತಂದವರು. ಆಮೇಲೆ ಅಹೋಬಲ ಶಂಕರರಂಥವರು ಬಂದರು. ಇವರು ಕೂತು ಒಂದೊಂದೇ ಸಾಲು ಕನ್ನಡ ಮಾಡದಿದ್ದರೆ ನಮ್ಮಜ್ಜಿಗೆಲ್ಲಿಯ ಕಲ್ಕತ್ತೆ? ಇವರ ಹೆಸರನ್ನು ನಾವು ಇನ್ನೂ ಜಾಸ್ತಿ ಹೇಳಬೇಕು ಅಲ್ವಾ.

ಕಾಫಿ ಮುಗಿಸಿ ಅದೇ ದಾದಾ ಹತ್ತಿರ ವಾಪಸ್ ಹೋದೆ. ಬಂಗಾಳಿ ಮಕ್ಕಳು ಅಕ್ಷರ ಕಲಿಯೋ ಪುಸ್ತಕ ಕೊಡಿ ಅಂದೆ. ಈಶ್ವರಚಂದ್ರ ವಿದ್ಯಾಸಾಗರರ 'ಬೊರ್ನೊಪೊರಿಚೊಯ್' ಕೊಟ್ಟರು, ಅಂದರೆ ವರ್ಣಪರಿಚಯ. ತೆಳ್ಳಗಿನ ಪುಸ್ತಕ. 1855ರಲ್ಲಿ ಬಂದದ್ದು ಇವತ್ತಿಗೂ ಅಚ್ಚಾಗುತ್ತಿದೆ. ಅದನ್ನು ಬರೆದಾಗ ವಿದ್ಯಾಸಾಗರರು ಇದೇ ಕೇರಿಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲರು. ಶರಚ್ಚಂದ್ರರ ಸಂಪುಟವನ್ನೂ ಕಟ್ಟಿಸಿಕೊಂಡೆ.

ವಾಪಸ್ ಹೊರಡುವ ದಿನ ಹೌರಾ ಸ್ಟೇಷನ್ನಿನಲ್ಲಿ ರೈಲು ತಡವಾಯಿತು. ಬ್ಯಾಗಿನ ಮೇಲೆ ಕೂತು ಪುಸ್ತಕ ತೆರೆದೆ. ನಮ್ಮದೇ ವರಸೆ, ಅ ಆ ಇ ಈ. ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಬ್ಯಾಗಿನ ಮೇಲೆ ತಿದ್ದಿದೆ. ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ತಲೆಯೆತ್ತಿದರೆ ಎದುರಿಗೆ ಊರಿನ ಬೋರ್ಡು. ಬಂಗಾಳಿಯಲ್ಲಿ ಮೂರೇ ಅಕ್ಷರ. ಪುಸ್ತಕ ನೋಡಿ, ಬೋರ್ಡು ನೋಡಿ, ಮತ್ತೆ ಪುಸ್ತಕ ನೋಡಿ, ಜೋರಾಗಿಯೇ ಓದಿದೆ: ಹಾ. ಓ. ಡಾ.