ಬ್ರೈಸ್ ಹಾರ್ಪರ್ ಮೊಣಕೈ ಮತ್ತು ಔಟ್‌ಫೀಲ್ಡರ್‌ಗಳ ಎಸೆತ

2022ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ಫಿಲ್ಲೀಸ್ ಬೇಸ್‌ಬಾಲ್ ತಂಡದ ರೈಟ್ ಫೀಲ್ಡರ್ (ಮೈದಾನದ ಹೊರಭಾಗವಾದ ಔಟ್‌ಫೀಲ್ಡ್‌ನ ಬಲಬದಿ ಕಾಯುವವರು) ಬ್ರೈಸ್ ಹಾರ್ಪರ್ ಚೆಂಡೆಸೆದು ಬಲ ಮೊಣಕೈ ನೋಯಿಸಿಕೊಂಡರು. ಎಂಆರ್‌ಐ ಮಾಡಿಸಿದರೆ ಒಳಮಗ್ಗುಲಿನ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಸ್ವಲ್ಪ ಹರಿದಿತ್ತು. ಎಸೆಯುವುದು ನಿಂತಿತು, ಬ್ಯಾಟಿಂಗ್ ನಿಲ್ಲಲಿಲ್ಲ. ಫಿಲ್ಲೀಸ್ ಆಡುವ ನ್ಯಾಷನಲ್ ಲೀಗ್‌ಗೂ ಡೆಸಿಗ್ನೇಟೆಡ್ ಹಿಟರ್ (ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವ ಆಟಗಾರ) ನಿಯಮ ಕಾಯಂ ಆಗಿ ಬಂದದ್ದು ಅದೇ ವರ್ಷ; ಹಾಗಾಗಿ ಫೀಲ್ಡಿಂಗ್‌ಗೆ ಇಳಿಯದೆಯೇ ಅವರು ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ವರೆಗೂ ಆಡಿದರು.

ಮೊಣಕೈ ಹರಿಯುವುದು ಪಿಚರ್‌ಗಳಿಗೆ (ಬ್ಯಾಟರ್‌ಗೆ ಚೆಂಡೆಸೆಯುವವರಿಗೆ) ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಪಿಚರ್ ಕೈ ಬಿಸಿ ಮಾಡಿಕೊಂಡೇ ಎಸೆಯುವ ದಿಬ್ಬ ಹತ್ತುತ್ತಾನೆ. ಔಟ್‌ಫೀಲ್ಡರ್ ಎರಡು ಮೂರು ಇನಿಂಗ್ಸ್ ಸುಮ್ಮನೆ ನಿಂತಿದ್ದು, ತಣ್ಣಗಾದ ಕೈಯಲ್ಲೇ ಒಮ್ಮೆಗೇ ಪೂರ್ತಿ ಬಲ ಹಾಕಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ ಎಸೆಯಬೇಕು. ಚೆಂಡಿನ ತೂಕ ಬರೀ 142ರಿಂದ 149 ಗ್ರಾಂ. ಹೊರೆ ಬೀಳುವುದು ತೂಕದಿಂದಲ್ಲ, ವೇಗದಿಂದ. ಭುಜ ಮುಂದಕ್ಕೆ ತಿರುಗುವಾಗ ಮುಂದೋಳು ಇನ್ನೂ ಹಿಂದೆ ಬಾಗಿರುತ್ತದೆ. ಆ ಗಳಿಗೆಯಲ್ಲಿ ಮೊಣಕೈಯ ಒಳಭಾಗ ಬಾಯಿ ತೆರೆಯಲು ನೋಡುತ್ತದೆ. ಅದನ್ನು ಹಿಡಿದಿಡುವುದು ಆ ಚಿಕ್ಕ ಲಿಗಮೆಂಟ್ ಮತ್ತು ಅದರ ಮೇಲಿನ ಸ್ನಾಯುಗಳು.

ತಪ್ಪು ಹೆಚ್ಚಾಗಿ ಕಾಲಿನಲ್ಲೇ ಶುರುವಾಗುತ್ತದೆ. ಬಲಗೈ ಆಟಗಾರ ಚೆಂಡು ಹಿಡಿದ ಮೇಲೆ ಬಲಗಾಲಿನ ಮೇಲೆ ಪುಟ್ಟದಾಗಿ ಕುಪ್ಪಳಿಸಿ, ಎಡ ಭುಜವನ್ನು ಗುರಿಯತ್ತ ತಿರುಗಿಸಿ ಎಸೆಯಬೇಕು. ಅವಸರದಲ್ಲಿ ಈ ಹೆಜ್ಜೆ ಬಿಟ್ಟರೆ ಸೊಂಟ ತಿರುಗುವುದಿಲ್ಲ, ಪೂರ್ತಿ ಕೆಲಸ ಕೈ ಮೇಲೆ ಬೀಳುತ್ತದೆ. ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಜಾರಿದರಂತೂ ಇನ್ನೂ ಕಷ್ಟ. ದೂರದ ಎಸೆತಕ್ಕೆ ನಡುವೆ ಚೆಂಡು ಹಿಡಿದು ಮುಂದಕ್ಕೆ ಎಸೆಯುವ ಕಟ್‌ಆಫ್ ಆಟಗಾರನಿದ್ದಾನೆ. ಅವನ ಎದೆಮಟ್ಟಕ್ಕೆ ಚಪ್ಪಟೆಯಾಗಿ ಎಸೆದರೆ ಸಾಕು. ಪ್ರತಿ ಇನಿಂಗ್ಸ್‌ಗೆ ಮುಂಚೆ ಔಟ್‌ಫೀಲ್ಡರ್‌ಗಳು ತಮ್ಮತಮ್ಮಲ್ಲೇ ಎಸೆದಾಡುವುದು ಶೋಕಿಗಲ್ಲ, ಅದನ್ನು ಯಾವತ್ತೂ ತಪ್ಪಿಸಬಾರದು.

ಮಕ್ಕಳ ಲೀಗ್‌ಗಳಲ್ಲಿ ಪಿಚ್‌ಗಳನ್ನು (ಪಿಚರ್‌ನ ಎಸೆತಗಳನ್ನು) ಎಣಿಸುತ್ತಾರೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿದು ವಾಪಸ್ ಎಸೆಯುವ ಕ್ಯಾಚರ್‌ನ ಎಸೆತಗಳನ್ನು ಯಾರೂ ಎಣಿಸುವುದಿಲ್ಲ. ಪಿಚ್ ಮಾಡಿ ಮುಗಿಸಿದ ಹುಡುಗನನ್ನು ಅದೇ ಆಟದಲ್ಲಿ ಕ್ಯಾಚರ್ ಆಗಿ ಕೂರಿಸುವುದು ದೊಡ್ಡ ತಪ್ಪು. ಬೆಳೆಯುವ ವಯಸ್ಸಿನಲ್ಲಿ ಲಿಗಮೆಂಟ್‌ಗಿಂತ ಮೊದಲು ಸೋಲುವುದು ಅದು ಅಂಟಿಕೊಂಡಿರುವ ಮೂಳೆಯ ಎಳೆ ಭಾಗ. ಮೊಣಕೈಯ ಒಳಗುಬ್ಬಿಯನ್ನು ಬೆರಳಿನಿಂದ ಒತ್ತಿದಾಗ ಮಗು ಕೈ ಎಳೆದುಕೊಂಡರೆ ಐಸ್ ಇಟ್ಟು ಮಾರನೆಯ ದಿನ ಆಡಿಸಬೇಡಿ. ಎಸೆತ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ.

ಹಾರ್ಪರ್‌ಗೆ 2022ರ ನವೆಂಬರ್ 23ರಂದು, ಹರಿದ ಲಿಗಮೆಂಟ್ ಬದಲಿಗೆ ಹೊಸದನ್ನು ಕಟ್ಟುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿ ಮಾಡಿದ ಈ ಚಿಕಿತ್ಸೆಯಲ್ಲಿ ದೇಹದ ಬೇರೆ ಕಡೆಯ, ಸಾಮಾನ್ಯವಾಗಿ ಮುಂದೋಳಿನ, ಸ್ನಾಯುರಜ್ಜು ತೆಗೆದು ಮೂಳೆಗೆ ಕೊರೆದ ರಂಧ್ರಗಳಲ್ಲಿ ಪೋಣಿಸುತ್ತಾರೆ. 160 ದಿನಕ್ಕೆ, 2023ರ ಮೇ 2ರಂದು, ಹಾರ್ಪರ್ ಬ್ಯಾಟ್ ಹಿಡಿದು ಬಂದರು. ಎಸೆತಕ್ಕೆ ಅಷ್ಟು ಬೇಗ ಒಪ್ಪಿಗೆ ಸಿಗುವುದಿಲ್ಲ. ಜುಲೈನಲ್ಲಿ ಫೀಲ್ಡಿಂಗ್‌ಗೆ ಇಳಿದಾಗ ನಿಂತದ್ದು ಫಸ್ಟ್ ಬೇಸ್‌ನಲ್ಲಿ, ದೂರದ ಎಸೆತ ಅಪರೂಪವಾದ ಜಾಗದಲ್ಲಿ.