ಅತ್ತೂರಿನ ಕ್ಯಾಂಡಲ್ ಕಾವು

ಈ ಜನವರಿಯಲ್ಲಿ ಕಾರ್ಕಳದ ಅತ್ತೂರು ಇಗರ್ಜಿಯ (ಚರ್ಚಿನ) ಜಾತ್ರೆಗೆ ಹೋಗಿ ಸಂತ ಲಾರೆನ್ಸರಿಗೆ ಹರಕೆಯ ಕ್ಯಾಂಡಲ್ ಹಚ್ಚಿ ಬಂದೆ. ತಂಗಿಯ ಹೆರಿಗೆ ಸುಸೂತ್ರವಾಗಿ ಆಗಿತ್ತು. ಸಾಲುಸಾಲು ಉರಿಯುವ ಆ ಬತ್ತಿಗಳ ಎದುರು ನಿಂತಾಗ ಮುಖಕ್ಕೆ ಹೊಡೆಯುವ ಕಾವು ಇದೆಯಲ್ಲ, ಅದು ನಿಂತವರಿಗೇ ಗೊತ್ತು. ಮೇಣ ಕರಗಿ ಹರಿಯುತ್ತದೆ. ಕಣ್ಣು ಉರಿಯುತ್ತದೆ. ಹಿಂದಿನವರು ನೂಕುತ್ತಾರೆ. ಆದರೂ ಅಲ್ಲಿಂದ ಕದಲಲು ಮನಸ್ಸು ಬರುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ನನ್ನನ್ನು ಅಲ್ಲೇ ನಿಲ್ಲಿಸಿ ಹೇಳುತ್ತಿದ್ದರು, "ನೋಡು ಮಗಾ, ನಮಗೆ ಇಷ್ಟು ಬಿಸಿಯೇ ತಡೆಯುವುದಿಲ್ಲ. ಸಂತ ಲಾರೆನ್ಸರನ್ನು ಕಾದ ಸರಳುಗಳ ಮೇಲೆ ಮಲಗಿಸಿದರು."

ಕ್ರಿ.ಶ. 258ರ ರೋಮ್. ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಹೇಳಿದಾಗ ಲಾರೆನ್ಸರು ಊರಿನ ಬಡವರನ್ನೂ ರೋಗಿಗಳನ್ನೂ ಕರೆತಂದು ನಿಲ್ಲಿಸಿ, ಇವರೇ ಚರ್ಚಿನ ಸಂಪತ್ತು ಎಂದರಂತೆ. ಅಜ್ಜಿ ಅದನ್ನು ಅಕ್ಷರಶಃ ನಂಬಿದ್ದರು. ಜಾತ್ರೆಗೆ ಮೊದಲೇ ಚಿಲ್ಲರೆ ಕೂಡಿಸಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ದಾರಿ ಬದಿಯಲ್ಲಿ ಕೂತವರ ಮುಂದೆ ಬಗ್ಗಿ, ಮುಖ ನೋಡಿ, ಕೈಯಲ್ಲೇ ಇಡುತ್ತಿದ್ದರು. ನಾನು ಒಮ್ಮೆ ನಿಂತಲ್ಲಿಂದಲೇ ನಾಣ್ಯ ಹಾಕಿದ್ದಕ್ಕೆ ಎಲ್ಲರೆದುರು ಗದರಿದ್ದರು. ಇಗರ್ಜಿಯೊಳಗೆ ಕಾಲಿಡುವುದು ಅದೆಲ್ಲ ಮುಗಿದ ಮೇಲೆಯೇ.

ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ನಮ್ಮ ಕ್ರೈಸ್ತ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರ ನಂತರ ಬದುಕುಳಿದು ಮರಳಿದವರ ಕೈ ಬರಿದಾಗಿತ್ತು. ಆಮೇಲೆ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಗೆ ಅತ್ತೂರಿನಲ್ಲಿ ನೆಲೆ ಮಾಡಿಕೊಟ್ಟರು. ಇವತ್ತು ಹಿಂದೂಗಳು, ಮುಸ್ಲಿಮರು ಎಲ್ಲರೂ ಬಂದು ಪುಷ್ಕರಿಣಿಯ ನೀರು ಒಯ್ಯುತ್ತಾರೆ, ಹರಕೆ ತೀರಿಸುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಈ ಕಾಲದಲ್ಲಿ ಅದೂ ಪವಾಡವೇ ಅಲ್ವಾ?

2016ರಲ್ಲಿ ಇಗರ್ಜಿ ಬಸಿಲಿಕ ಆಯಿತು, ಅಂದರೆ ಪೋಪರಿಂದ ವಿಶೇಷ ಗೌರವದ ಸ್ಥಾನ ಸಿಕ್ಕಿತು. ನಮಗೆಲ್ಲ ತುಂಬಾ ಹೆಮ್ಮೆ. ಆದರೆ ಈ ಸಲ ನೋಡಿದೆ, ನಮ್ಮವರೇ ಜಾಸ್ತಿ ಜನ ಬಲಿಪೂಜೆ (ಇಗರ್ಜಿಯ ಮುಖ್ಯ ಆರಾಧನೆ) ಮುಗಿಯುವ ಮೊದಲೇ ಐಸ್‌ಕ್ರೀಮ್ ಅಂಗಡಿ ಕಡೆ ಹೊರಟಿದ್ದರು. ಕ್ಯಾಂಡಲ್ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ದಾರಿಯಲ್ಲಿ ಕೈಚಾಚಿದವರನ್ನು ಸುತ್ತಿ ಬಳಸಿ ಹೋಗುತ್ತಾರೆ. ಸಂತರು ತೋರಿಸಿದ ಸಂಪತ್ತು ಅಲ್ಲೇ ಬಿಸಿಲಿನಲ್ಲಿ ಕೂತಿರುತ್ತದೆ. ನನಗೆ ನಿಜವಾಗಿಯೂ ಸಂಕಟವಾಯಿತು.

ಮುಂದಿನ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಕಾರು ಸ್ವಲ್ಪ ದೂರದಲ್ಲೇ ನಿಲ್ಲಿಸಿ, ನಡೆದು ಬನ್ನಿ. ಚಿಲ್ಲರೆ ಮಕ್ಕಳ ಕೈಗೇ ಕೊಡಿ. ಬಗ್ಗಿ ಕೊಡುವುದನ್ನು ನೀವೇ ತೋರಿಸಿಕೊಡಿ.