ಅಮ್ಮನ ಹತ್ತಿರ ಬಂದ ಮೇಲೂ ಆ ಮಗು ಯಾಕೆ ಮಂಕಾಗಿರುತ್ತೆ?

ಕೆರಿಬಿಯನ್ ವಲಸೆಯ ಮಾತು ಬಂದಾಗಲೆಲ್ಲ ಈ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಜಮೈಕಾದಲ್ಲೋ ಬಾರ್ಬಡೋಸ್‌ನಲ್ಲೋ ಅಜ್ಜಿಯ ಮಡಿಲಿಗೆ ಮಗುವನ್ನು ಹಾಕಿ ತಾಯಿ ಲಂಡನ್ನಿಗೆ ಹೋದಳು. ಐದಾರು ವರ್ಷ ದುಡಿದು ಕರೆಸಿಕೊಂಡಳು. ಅಷ್ಟು ಕಾದ ಮಗು ಕುಣಿಯಬೇಕಿತ್ತಲ್ಲ, ಮೂಲೆ ಹಿಡಿದು ಕೂತದ್ದು ಯಾಕೆ?

ಮಗುವಿನ ಲೆಕ್ಕದಲ್ಲಿ ಅದು ಈಗಷ್ಟೇ ತನ್ನ ಅಮ್ಮನನ್ನು ಕಳೆದುಕೊಂಡಿದೆ, ಅದಕ್ಕೆ. ಎರಡು ವರ್ಷಕ್ಕೆ ಬಿಟ್ಟುಹೋದ ಮಗುವನ್ನು ಎಂಟು ತುಂಬಿದ ಮೇಲೆ ಕರೆಸಿಕೊಂಡರೆ, ನಡುವಿನ ಆರು ವರ್ಷ ತಲೆ ಬಾಚಿದವಳು, ಜ್ವರದ ಹಣೆ ಮುಟ್ಟಿ ನೋಡಿದವಳು, ಭಾನುವಾರ ಚರ್ಚಿಗೆ ಕೈಹಿಡಿದು ಕರೆದೊಯ್ದವಳು ಅಜ್ಜಿ. ವಿಮಾನ ಇಳಿದಾಗ ತಬ್ಬಿಕೊಳ್ಳಲು ಬರುವ ಹೆಂಗಸು ಗೋಡೆಯ ಫೋಟೋದಲ್ಲಿದ್ದ ಮುಖ ಮಾತ್ರ. ದೊಡ್ಡವರು ಕೂಡಿದೆವು ಅನ್ನುವ ದಿನವೇ ಮಗುವಿಗೆ ಎರಡನೆಯ ಅಗಲಿಕೆಯ ದಿನ. ಅದಕ್ಕಾಗಿ ಅಳುವಂತೆಯೂ ಇಲ್ಲ, ಯಾಕೆಂದರೆ ಸುತ್ತ ಇರುವವರೆಲ್ಲ ನಗುತ್ತಿರುತ್ತಾರೆ.

ಇದನ್ನು ಹೇಳಿದರೆ ಕೇಳುವವರು ತಾಯಿಯ ಮೇಲೆ ಬೀಳುತ್ತಾರೆ. ಅದಕ್ಕೇ ಅವಳು ತಡಮಾಡಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು.

1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ಎಂಪೈರ್ ವಿಂಡ್‌ರಶ್ ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂದಾಗ ಅಗ್ಗದ ಟಿಕೆಟ್ಟಿಗೆ ಸುಮಾರು 28 ಪೌಂಡ್ ಇತ್ತು; 1950ರ ದಶಕದಲ್ಲಿ ಸಾಮಾನ್ಯ ದರ 75 ಪೌಂಡಿನ ಆಸುಪಾಸು. ಆಸ್ಪತ್ರೆಯ ಆಯಾ, ಬಸ್ ಕಂಡಕ್ಟರ್, ಕಾರ್ಖಾನೆಯ ಕೈಗೆಲಸದವರ ವಾರದ ಕೂಲಿಯಲ್ಲಿ ಅದನ್ನು ಒಮ್ಮೆಗೇ ಎತ್ತುವುದು ಆಗದ ಮಾತು. ಬ್ಯಾಂಕುಗಳು ಸಾಲಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ಜಮೈಕಾದವರು ಊರಿನಿಂದ ‘ಪಾರ್ಡ್‌ನರ್’ ತಂದರು. ಟ್ರಿನಿಡಾಡ್‌ನಲ್ಲಿ ಇದಕ್ಕೇ ‘ಸೂಸು’ ಅನ್ನುತ್ತಾರೆ, ಗಯಾನಾದಲ್ಲಿ ‘ಬಾಕ್ಸ್ ಹ್ಯಾಂಡ್’. ನಮ್ಮ ಚೀಟಿಯ ಸೋದರಿ, ಆದರೆ ಇಲ್ಲಿ ಕೂಗುವುದಿಲ್ಲ. ಯಾರೂ ತಳ್ಳುಬಡ್ಡಿ ಬಿಟ್ಟುಕೊಟ್ಟು ಮುಂಚೆ ಎತ್ತುವುದಿಲ್ಲ. ಇಪ್ಪತ್ತು ಜನ ವಾರಕ್ಕೆ 2 ಪೌಂಡ್ ‘ಹ್ಯಾಂಡ್ ಎಸೆದರೆ’ ವಾರಕ್ಕೊಬ್ಬರಿಗೆ 40 ಪೌಂಡಿನ ‘ಡ್ರಾ’. ಸರದಿ ಯಾರದ್ದೆಂದು ಹೇಳುವವಳು ‘ಬ್ಯಾಂಕರ್’, ಸಾಮಾನ್ಯವಾಗಿ ಬೀದಿಯಲ್ಲಿ ಎಲ್ಲರೂ ನಂಬುವ ಹಿರಿಯ ಹೆಂಗಸು. ಕಾಗದ ಪತ್ರ ಇಲ್ಲ, ನಾಲಿಗೆಯೇ ಜಾಮೀನು. ಲೆಕ್ಕ ಹಾಕಿ ನೋಡಿ: ಒಂದು ಸುತ್ತು ಮುಗಿಯಲು ಇಪ್ಪತ್ತು ವಾರ, ಒಂದು ಟಿಕೆಟ್ಟಿಗೆ ಹತ್ತಿರ ಹತ್ತಿರ ಎರಡು ಡ್ರಾ. ಮೊದಲು ತಾನು ಬಂದ ಟಿಕೆಟ್ಟಿನ ಸಾಲ, ಆಮೇಲೆ ಗಂಡನದ್ದು, ನಡುವೆ ಊರಿಗೆ ಪೋಸ್ಟಲ್ ಆರ್ಡರ್. ಮೂರು ಮಕ್ಕಳಿದ್ದರೆ ಒಬ್ಬೊಬ್ಬರಾಗಿ ಬರಬೇಕು. ಹೀಗೆ ಒಡಹುಟ್ಟಿದವರೂ ಬೇರೆಬೇರೆ ವರ್ಷಗಳಲ್ಲಿ ಬಂದು ಒಬ್ಬರಿಗೊಬ್ಬರು ಹೊಸಬರಾದರು.

ದುಡ್ಡು ಕೂಡಿದರೂ ಮಗುವನ್ನು ಇಟ್ಟುಕೊಳ್ಳಲು ಜಾಗ ಬೇಕಲ್ಲ. ಕರಿಯರಿಗೆ ಮನೆ ಇಲ್ಲ ಅಂತ ಬೋರ್ಡು ನೇತುಹಾಕಿದ ಕಾಲ; ಒಪ್ಪಿದ ಮಾಲೀಕರಲ್ಲೂ ಹಲವರು ಮಕ್ಕಳು ಬೇಡ ಅನ್ನುತ್ತಿದ್ದರು. ಸಿಗುತ್ತಿದ್ದದ್ದು ಒಂದು ಕೋಣೆ, ಮೆಟ್ಟಿಲ ಪಡಸಾಲೆಯಲ್ಲಿ ನಾಲ್ಕು ಸಂಸಾರ ಹಂಚಿಕೊಳ್ಳುವ ಗ್ಯಾಸ್ ಒಲೆ, ನಾಣ್ಯ ಹಾಕಿದರಷ್ಟೇ ಉರಿಯುವ ಮೀಟರು, ಸೀಮೆಎಣ್ಣೆ ಹೀಟರು. ಕೆರಿಬಿಯನ್ ಹೆಂಗಸರನ್ನು ಮನೆಗೆಲಸಕ್ಕೆ ಕರೆಸಿಕೊಂಡ ಕೆನಡಾದ ಯೋಜನೆ ಇನ್ನೂ ಕಠಿಣ: 1955ರಿಂದ 1967ರವರೆಗೆ ಅದು 18ರಿಂದ 35 ವರ್ಷದ, ಮದುವೆಯಾಗದ, ಮಕ್ಕಳಿಲ್ಲದ ಹೆಂಗಸರನ್ನು ಮಾತ್ರ ಕೇಳಿತು. ಮಕ್ಕಳಿದ್ದವರು ಇಲ್ಲ ಎಂದು ಬರೆದು ಹೋದರು. 1970ರ ದಶಕದ ಕೊನೆಗೆ, ಅರ್ಜಿಯಲ್ಲಿ ಮಕ್ಕಳ ವಿಷಯ ಮುಚ್ಚಿಟ್ಟ ಏಳು ಜಮೈಕಾ ತಾಯಂದಿರನ್ನು ಗಡೀಪಾರು ಮಾಡಲು ಹೊರಟಾಗ ಕೆನಡಾದಲ್ಲಿ ದೊಡ್ಡ ಹೋರಾಟವೇ ನಡೆಯಿತು. ಇದ್ದ ಮಗುವನ್ನು ಕಾಗದದ ಮೇಲೆ ಇಲ್ಲವಾಗಿಸಿದರೆ, ಮುಂದೆ ಅದನ್ನು ಕರೆಸುವ ದಾರಿಯೂ ಮುಚ್ಚುತ್ತದೆ.

ಬ್ರಿಟನ್ನಿನಲ್ಲೂ ಕಾನೂನು ಬಿಗಿಯಾಗುತ್ತ ಬಂತು. 1962ರ ಜುಲೈನಿಂದ ದೊಡ್ಡವರಿಗೆ ವೋಚರ್ ಎಂಬ ಕೆಲಸದ ಅನುಮತಿ ಚೀಟಿ ಬೇಕಾಯಿತು, 1968ರಲ್ಲಿ ಒಬ್ಬರೇ ಪೋಷಕರು ಅಲ್ಲಿರುವ ಮಕ್ಕಳ ಪ್ರವೇಶಕ್ಕೂ ಕತ್ತರಿ ಬಿತ್ತು. ಒಂಟಿ ತಾಯಿಯಾದರೆ ಮಗುವಿನ ಹೊಣೆ ಪೂರ್ತಿ ತನ್ನದೇ ಎಂದು ತೋರಿಸಬೇಕು. ಈ ನಿಯಮ ಇಂದಿಗೂ ಇದೆ. ಅರ್ಜಿ ಬಿದ್ದುಹೋಗುವುದು ಬಹಳ ಸಲ ಇಲ್ಲೇ: ಹಣ ಕಳಿಸಿದ ರಸೀದಿಯ ಕಂತೆಯಷ್ಟೇ ಇಟ್ಟರೆ ಸಾಲದು. ಯಾವ ಶಾಲೆ, ಯಾವ ಡಾಕ್ಟರು, ಯಾವ ಚಿಕಿತ್ಸೆ ಎಂದು ತೀರ್ಮಾನಿಸಿದ್ದು ತಾಯಿಯೇ ಎಂಬುದಕ್ಕೆ ಶಾಲೆಯ ಪತ್ರ, ಆಸ್ಪತ್ರೆಯ ಚೀಟಿ, ಅಜ್ಜಿಯ ಹೇಳಿಕೆ, ಸಂದೇಶಗಳು ಬೇಕು. ಅಂದರೆ ದಿನದಿನದ ಆರೈಕೆ ಮಾಡಿದ ಅಜ್ಜಿಯೇ, ನಾನು ಬರೀ ನೋಡಿಕೊಂಡೆ, ತೀರ್ಮಾನವೆಲ್ಲ ಅವಳದ್ದು ಎಂದು ಬರೆದುಕೊಡಬೇಕು. ಅದನ್ನು ಬರೆಯುವಾಗ ಆ ಮುದುಕಿಗೆ ಏನಾಗುತ್ತದೆ ಎಂದು ಕೇಳುವವರಿಲ್ಲ.

ಇತ್ತೀಚಿನ ದಶಕಗಳಲ್ಲಿ ಪೋಸ್ಟಲ್ ಆರ್ಡರಿನ ಜಾಗಕ್ಕೆ ಬ್ಯಾರಲ್ ಬಂದಿದೆ. ಮಗುವಿನ ಸೊಂಟಕ್ಕಿಂತ ಎತ್ತರದ ಪೀಪಾಯಿ. ತಿಂಗಳುಗಟ್ಟಲೆ ಅದರಲ್ಲಿ ಅಕ್ಕಿ, ಎಣ್ಣೆ, ಸೋಪು, ಟೂತ್‌ಪೇಸ್ಟ್, ಕಾರ್ನ್‌ಫ್ಲೇಕ್ಸ್, ನೋಟ್‌ಬುಕ್ಕು, ಸಂದಿಗಳಲ್ಲಿ ತುರುಕಿದ ಬಟ್ಟೆ. ಶೂ ಅಳತೆಗೆ ಅಜ್ಜಿ ಕಾಗದದ ಮೇಲೆ ಮಗುವಿನ ಪಾದ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕಳಿಸುತ್ತಾಳೆ. ತಾಯಿ ಅದನ್ನು ಕತ್ತರಿಸಿ ಅಂಗಡಿಗೊಯ್ದು ಶೂ ಒಳಗಿಟ್ಟು ನೋಡುತ್ತಾಳೆ. ಬ್ಯಾರಲ್ ತುಂಬಿ, ಹಡಗೇರಿ, ಕಸ್ಟಮ್ಸ್ ದಾಟಿ ಮನೆ ತಲುಪುವಷ್ಟರಲ್ಲಿ ಪಾದ ಬೆಳೆದಿರುತ್ತದೆ. ಒಂದು ಅಂಕೆ ದೊಡ್ಡದೇ ತೆಗೆಯಿರಿ ಎಂದು ಅನುಭವಸ್ಥರು ಹೇಳುವುದು ಅದಕ್ಕೆ. ಇಂಥ ಮಕ್ಕಳಿಗೆ ‘ಬ್ಯಾರಲ್ ಮಕ್ಕಳು’ ಎಂಬ ಹೆಸರನ್ನು ಚಾಲ್ತಿಗೆ ತಂದವರು ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕ್ಲಾಡೆಟ್ ಕ್ರಾಫರ್ಡ್-ಬ್ರೌನ್. ಸಾಮಾನು ಬರುತ್ತದೆ, ಮನುಷ್ಯರು ಬರುವುದಿಲ್ಲ.

ಇನ್ನು ಬ್ರಿಟನ್ನಿನ ಶಾಲೆ. ಇಲ್ಲಿ ಆದ ಅನ್ಯಾಯಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲ ದಿನ ಹಾಜರಿ ಕರೆದಾಗ ಎಷ್ಟೋ ಮಕ್ಕಳು ಮಾತಾಡಲಿಲ್ಲ. ಊರಲ್ಲಿ ಎಲ್ಲರೂ ಕರೆದದ್ದು ಮುದ್ದಿನ ಹೆಸರಿನಿಂದ. ಜನನ ಪತ್ರದ ಹೆಸರು ತಮ್ಮದೇ ಎಂದು ಅವರಿಗೆ ತಿಳಿದದ್ದು ಆಗಲೇ. ಗದರಿದಾಗ ತಲೆ ತಗ್ಗಿಸಿದರು, ಹಿರಿಯರ ಕಣ್ಣಲ್ಲಿ ಕಣ್ಣಿಡುವುದು ಉದ್ಧಟತನ ಎಂದು ಅಜ್ಜಿ ಕಲಿಸಿದ್ದಳು. ಟೀಚರಿಗೆ ಅದು ತಪ್ಪು ಮುಚ್ಚಿಡುವವರ ಕಳ್ಳನೋಟದಂತೆ ಕಂಡಿತು. ಭಾಷೆಯ ತೊಡಕಂತೂ ಯಾರಿಗೂ ಕಾಣದ ತೊಡಕು. ಪಂಜಾಬಿ ಮಾತಾಡುವ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗೊತ್ತಿತ್ತು, ಬೇರೆ ಪಾಠ ಕೊಟ್ಟರು. ಜಮೈಕಾದ ಮಗು ಮಾತಾಡುವುದು ಇಂಗ್ಲಿಷೇ, ಆದರೆ ‘ಕೆಟ್ಟ’ ಇಂಗ್ಲಿಷ್ ಎಂದುಕೊಂಡರು. ಪಾಟ್ವಾ ಎಂಬ ಅವರ ನುಡಿಗೆ ಅದರದೇ ವ್ಯಾಕರಣ ಇದೆ. ನಮ್ಮ ನೀನು-ನೀವು ಇದ್ದಂತೆ ಅಲ್ಲಿ ಒಬ್ಬನಿಗೆ ‘ಯು’, ಹಲವರಿಗೆ ‘ಉನು’. ಈ ‘ಉನು’ ಪಶ್ಚಿಮ ಆಫ್ರಿಕಾದ ಇಗ್ಬೊ ನುಡಿಯಿಂದ ಬಂದದ್ದು. ಇನ್ನು ನಲ್ಲಿಯ ಚಿತ್ರ ತೋರಿಸಿ ಇದೇನು ಎಂದರೆ ಜಮೈಕಾದ ಮಗು ‘ಪೈಪ್’ ಅನ್ನುತ್ತದೆ, ಅದರ ಊರಲ್ಲಿ ನಲ್ಲಿಗೆ ಹೆಸರೇ ಅದು. ಪರೀಕ್ಷಕರಿಗೆ ಬೇಕಾದ್ದು ‘ಟ್ಯಾಪ್’. ಕೊಳಾಯಿ ಅಂದ ಮಗುವಿಗೆ, ನಲ್ಲಿ ಅನ್ನಲಿಲ್ಲವಲ್ಲ ಎಂದು ಅಂಕ ಕಳೆದ ಹಾಗೆ.

ಇಂಥ ಬುದ್ಧಿಮತ್ತೆ ಪರೀಕ್ಷೆಗಳ ಆಧಾರದ ಮೇಲೆ ಕೆರಿಬಿಯನ್ ಮಕ್ಕಳನ್ನು ‘ಬುದ್ಧಿ ಸಾಲದವರ’ ವಿಶೇಷ ಶಾಲೆಗಳಿಗೆ ಲೆಕ್ಕ ಮೀರಿ ತಳ್ಳಲಾಯಿತು. ಅಂಥ ಶಾಲೆಗಳಲ್ಲಿ ಪಾಠ ಮಾಡಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಪುಟ್ಟ ಪುಸ್ತಿಕೆಯಲ್ಲಿ ಇದನ್ನು ಬಯಲಿಗೆಳೆದರು. ಪರೀಕ್ಷೆಯಲ್ಲಿ ಅವರು ಗುರುತಿಸಿದ ಪಕ್ಷಪಾತ ಮೂರು: ಸಂಸ್ಕೃತಿಯದ್ದು, ಮಧ್ಯಮವರ್ಗದ್ದು, ಮೂರನೆಯದು ಮನಸ್ಸಿನ ಆಘಾತದ್ದು. ಈ ಮೂರನೆಯದೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ಅಜ್ಜಿಯನ್ನು ಬಿಟ್ಟು ಬಂದು, ಗುರುತಿಲ್ಲದ ಅಮ್ಮನ ಜೊತೆ, ಹೆಸರೇ ಕೇಳಿರದ ತಮ್ಮ ತಂಗಿಯರ ನಡುವೆ ಮಲಗಿ ಎದ್ದ ಮಗುವನ್ನು ಕೂರಿಸಿ ಬುದ್ಧಿ ಅಳೆದರು. ಅಳೆದದ್ದು ಅದರ ದುಃಖವನ್ನು. ಪೋಷಕರು ಸುಮ್ಮನಿರಲಿಲ್ಲ: ಜಾನ್ ಲಾ ರೋಸ್ 1969ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಜಾರ್ಜ್ ಪ್ಯಾಡ್‌ಮೋರ್ ಪೂರಕ ಶಾಲೆಯಂಥವು ಎದ್ದವು. ಶನಿವಾರದ ಈ ಶಾಲೆಗಳಲ್ಲಿ ಲೆಕ್ಕ, ಓದು, ತಮ್ಮ ಚರಿತ್ರೆ ಮೂರೂ ಇದ್ದವು.

ಕಾಗದಪತ್ರದ ಮಾತು ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದು ಬಾಳನ್ನೇ ಕೆಡಿಸಬಲ್ಲದು. 1973ರ ಜನವರಿ 1ಕ್ಕೆ ಮೊದಲೇ ಬ್ರಿಟನ್ನಿನಲ್ಲಿ ನೆಲೆಸಿದ್ದ ಕೆರಿಬಿಯನ್ನರಿಗೆ ಉಳಿಯುವ ಹಕ್ಕು ತಾನಾಗಿ ಸಿಕ್ಕಿತು, ಕಾಗದ ಸಿಗಲಿಲ್ಲ. ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಬಂದ ಮಕ್ಕಳ ಕೈಯಲ್ಲಿ ಏನೂ ಇರಲಿಲ್ಲ. ಬಂದ ದಿನದ ಲ್ಯಾಂಡಿಂಗ್ ಕಾರ್ಡುಗಳನ್ನು 2010ರಲ್ಲಿ ಸರ್ಕಾರವೇ ನಾಶ ಮಾಡಿತು. ಪಾಲೆಟ್ ವಿಲ್ಸನ್ 1968ರಲ್ಲಿ ಚಿಕ್ಕ ವಯಸ್ಸಿನಲ್ಲೇ ಬಂದವರು, ಬ್ರಿಟಿಷ್ ಸಂಸತ್ತಿನಲ್ಲೂ ಅಡುಗೆ ಮಾಡಿದವರು. 2017ರಲ್ಲಿ ಅವರನ್ನು ಗಡೀಪಾರಿಗೆಂದು ಯಾರ್ಲ್ಸ್ ವುಡ್ ಬಂಧನ ಕೇಂದ್ರದಲ್ಲಿ ಇರಿಸಿದರು. ಆದ್ದರಿಂದ ಇಂದು ಮಗು ಕರೆಸಿಕೊಳ್ಳುವವರು ಪಾಸ್‌ಪೋರ್ಟ್, ಲಸಿಕೆ ಕಾರ್ಡ್, ಶಾಲೆಯ ವರದಿಯ ಜೊತೆ ಪ್ರಯಾಣದ ಟಿಕೆಟ್ಟನ್ನೂ ಎತ್ತಿಡಬೇಕು, ಅದು ಮಗುವಿನ ಹೆಸರಿನ ಬೇರೆ ಫೈಲಿನಲ್ಲಿರಬೇಕು. ಅಮೆರಿಕಕ್ಕಾದರೆ ತಾಯಿ ‘ಫೈಲ್’ ಮಾಡಿದ, ಅಂದರೆ ಮಗುವನ್ನು ಕರೆಸಲು ಅರ್ಜಿ ಹಾಕಿದ ದಿನಾಂಕ, ಮಗುವಿಗೆ 21 ತುಂಬುವ ದಿನಾಂಕ ಎರಡನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಆ ವಯಸ್ಸು ದಾಟಿದರೆ ಅರ್ಜಿಯ ವರ್ಗವೇ ಬದಲಾಗಿ ಮತ್ತಷ್ಟು ವರ್ಷ ಕಾಯಬೇಕಾಗಬಹುದು.

ಮನೆಯೊಳಗೆ ಮಾಡುವಂಥದ್ದು ಕಾನೂನಿಗಿಂತ ಸುಲಭ, ಆದರೂ ತಪ್ಪುವುದು ಅಲ್ಲೇ ಹೆಚ್ಚು. ಬಂದ ವಾರದಲ್ಲೇ ಮಮ್ಮಿ ಅನ್ನಿಸಲು ಹೋಗಬೇಡಿ. ಅಜ್ಜಿಯನ್ನೇ ‘ಮಾಮಾ’, ಅಂದರೆ ಅಮ್ಮ, ಅನ್ನುತ್ತಿದ್ದ ಮಗುವಿಗೆ ಆ ಪದ ಖಾಲಿ ಇಲ್ಲ. ಮಲತಂದೆ, ತಮ್ಮ ತಂಗಿಯರು ಇದ್ದಾರೆಂಬುದು ವಿಮಾನ ಹತ್ತುವ ಮೊದಲೇ ಗೊತ್ತಿರಲಿ. ದೊಡ್ಡ ಹುಡುಗಿ ಬಂದಳೆಂದು ಚಿಕ್ಕವರನ್ನು ಅವಳ ಸೊಂಟಕ್ಕೆ ಏರಿಸಬೇಡಿ, ತನ್ನನ್ನು ಕೆಲಸಕ್ಕೆ ಕರೆಸಿದರು ಎಂದು ಅವಳು ತಿಳಿದುಕೊಳ್ಳುತ್ತಾಳೆ. ಎಷ್ಟು ಖರ್ಚಾಯಿತೆಂದು ಮಗುವಿನ ಎದುರು ಎಣಿಸಬೇಡಿ. ಅಜ್ಜಿಯ ಫೋನು ವಾರಕ್ಕೊಂದು ಗೊತ್ತಾದ ಹೊತ್ತಿಗೆ ಇರಲಿ, ತಪ್ಪದಿರಲಿ. ಅಜ್ಜಿ ಬಾಯಿಂದಲೇ ‘ಅಲ್ಲಿ ಚೆನ್ನಾಗಿರು, ನಾನು ಬೇಜಾರು ಮಾಡ್ಕೊಳ್ಳಲ್ಲ’ ಅನ್ನುವ ಮಾತು ಕೇಳುವವರೆಗೆ ಮಗು ಹೊಸ ಮನೆಯಲ್ಲಿ ನಗಲು ಹಿಂಜರಿಯುತ್ತದೆ. ಆ ಕರೆಯಲ್ಲಿ ಅದು ಕೇಳುವುದು ಚಿಕ್ಕ ಚಿಕ್ಕ ವಿಷಯ: ಮೇಕೆ ಮರಿ ಹಾಕಿತಾ, ನನ್ನ ಮಂಚದಲ್ಲಿ ಈಗ ಯಾರು ಮಲಗ್ತಾರೆ? ಪಕ್ಕದಲ್ಲಿ ನಿಂತ ತಾಯಿಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಆದರೂ ಫೋನು ಕಸಿದುಕೊಳ್ಳದೆ ಉತ್ತರ ಪೂರ್ತಿ ಕೇಳಲು ಬಿಡಬೇಕು.